ಏಳನೇ ಪುಟದ ಮೆಟ್ಟಿಲು

ಫೋಟೊಗಳಿಗೆ ಚೌಕಟ್ಟು ಹಾಕಿ ಬದುಕುವ ಅವನಿಗೆ ಕೋರ್ಟಿನ ಕಾಗದವೆಂದರೆ ಕಬ್ಬಿಣದ ಕಡಲೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ತನಗೂ ಅರ್ಧ ಪಾಲಿದೆ ಎಂದು ಒಡಹುಟ್ಟಿದ ಅಕ್ಕನೇ ದಾವೆ ಹಾಕಿ ಎರಡು ವರ್ಷವಾಗಿತ್ತು. ನಾಲ್ಕು ತಿಂಗಳ ಹಿಂದೆ ಅವನ ವಕೀಲೆಯ ಗುಮಾಸ್ತ ಒಂದು ಕಂತೆ ತಂದುಕೊಟ್ಟಿದ್ದ.

"ನಿಮ್ಮಕ್ಕ ದಾವೆ ತಿದ್ದಿಸಿದ್ದಾರೆ. ಓದಿ ನೋಡಿ, ತಕರಾರಿದ್ರೆ ಬೇಗ ಹೇಳಿ."

ಮೊದಲ ಪುಟದಲ್ಲಿ ಅದೇ ಅಕ್ಕನ ಹೆಸರು, ಅದೇ ತನ್ನ ಹೆಸರು. ಹಳೆಯದರ ನಕಲೇ ಇರಬೇಕೆಂದು ಅದನ್ನು ಗಾಜಿನ ಹಾಳೆಗಳ ಪಕ್ಕಕ್ಕೆ ಸರಿಸಿಟ್ಟ. ವಕೀಲೆ ಫೋನ್ ಮಾಡಿ ಕೇಳಿದಾಗಲೂ, "ಏನಿಲ್ಲ ಮೇಡಂ, ಎಲ್ಲಾ ಹಳೇದೇ" ಅಂದುಬಿಟ್ಟ.

ಸಾಕ್ಷಿ ವಿಚಾರಣೆಯ ದಿನ ಬಂತು. ಕೋರ್ಟಿನ ಮೊಗಸಾಲೆಯಲ್ಲಿ ಕೂತು ಕೂತು ಬೇಸರವಾಗಿ ಅವನು ಜೊತೆಗೆ ತಂದಿದ್ದ ಆ ಕಂತೆಯನ್ನು ತಿರುವಿದ. ಏಳನೇ ಪುಟಕ್ಕೆ ಬಂದಾಗ ಥಟ್ಟನೆ ನೆಟ್ಟಗೆ ಕೂತ. ಕೋಣೆಯ ಪಾಲಿನ ಜೊತೆಗೆ ಪಕ್ಕದ ಮೆಟ್ಟಿಲೂ ಅಕ್ಕನಿಗೇ ಸೇರಬೇಕಂತೆ! ಮಹಡಿಯ ಮೇಲಿನ ಅವನ ಮನೆಗೆ ಇದ್ದದ್ದು ಅದೊಂದೇ ದಾರಿ.

"ಮೇಡಂ, ಮೆಟ್ಟಿಲು!" ಎನ್ನುತ್ತ ಓಡಿದ.

ವಕೀಲೆ ಓದಿ ಹಣೆ ಚಚ್ಚಿಕೊಂಡರು. "ತಿದ್ದೋಕೆ ಕೋರ್ಟು ಒಪ್ಪಿದ್ದು ಕೋಣೆ ಅಳತೆ ಮಾತ್ರ. ಇದನ್ನ ಹೇಳದೇ ಕೇಳದೇ ತುರುಕಿದ್ದಾರೆ. ನಿಮ್ಮ ಮಾತು ನಂಬಿ ನಾನೂ ಓದಲಿಲ್ಲ ನೋಡಿ."

ಒಳಗೆ ಅವರು ಎದ್ದು ನಿಂತು ಆಕ್ಷೇಪಣೆ ಹೇಳಿದರು. ನ್ಯಾಯಾಧೀಶರು ಹಳೆಯ ದಾವೆ, ತಿದ್ದಿದ ದಾವೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಆಕ್ಷೇಪಣೆ ಸರಿ ಇದೆ. ಮೆಟ್ಟಿಲಿನ ಮಾತು ತೆಗೆದುಹಾಕಿ."

ಅವನಿಗೆ ಹೋದ ಜೀವ ಬಂದಂತಾಯಿತು. ಆದರೆ ನ್ಯಾಯಾಧೀಶರು ಮಾತು ಮುಗಿಸಿರಲಿಲ್ಲ.

"ಇದನ್ನ ನಾಲ್ಕು ತಿಂಗಳ ಹಿಂದೆಯೇ ಹೇಳಬಹುದಿತ್ತು. ಎದುರು ಕಡೆಯ ಸಾಕ್ಷಿಯಾದ ಅಳತೆಯವರು ಮೆಟ್ಟಿಲನ್ನೂ ಸೇರಿಸಿ ನಕ್ಷೆ ಮಾಡಿ ತಂದಿದ್ದಾರೆ. ಅದು ದಂಡ, ಇವತ್ತಿನ ದಿನವೂ ದಂಡ. ಎದುರು ಕಡೆಯವರ ಖರ್ಚನ್ನ ಪ್ರತಿವಾದಿ ಕೊಡಬೇಕು."

ಪ್ರತಿವಾದಿ ಯಾರೆಂದು ಅವನು ಅತ್ತಿತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಹೊರಗೆ ಬಂದವನೇ ಕೇಳಿದ: "ಗೆದ್ದಿದ್ದು ನಾವೇ ಅಲ್ವಾ ಮೇಡಂ?"

"ಹೌದು."

"ಮತ್ತೆ ದುಡ್ಡು ಕೊಡೋದು?"

"ನಾವೇ."

"ಗೆದ್ದಿದ್ದಕ್ಕಾ?"

"ತಡ ಮಾಡಿದ್ದಕ್ಕೆ" ಎಂದು ಅವರು ಇನ್ನೊಂದು ಕೇಸಿಗೆ ಓಡಿದರು.

ಬೆಂಚಿನ ಮೇಲೆ ಅಕ್ಕ ಮಂಡಿ ಉಜ್ಜಿಕೊಳ್ಳುತ್ತ ಕೂತಿದ್ದಳು. ಎರಡು ವರ್ಷದಿಂದ ಮಾತು ಬಿಟ್ಟಿದ್ದವಳು ಅವನನ್ನು ಕಂಡು ತಡೆಯಲಾರದೆ ಕೇಳಿಯೇಬಿಟ್ಟಳು.

"ಏನೋ ಇದು? ನಾನು ಸೋತೆನಂತೆ, ನೀನು ನನಗೆ ದುಡ್ಡು ಕೊಡ್ತೀಯಂತೆ. ದಾನಾನಾ?"

"ದಾನ ಅಲ್ಲಕ್ಕ, ದಂಡ. ನಂಗೂ ತಲೆಬುಡ ಅರ್ಥ ಆಗ್ಲಿಲ್ಲ." ಅವನಿಗೆ ಸಿಟ್ಟು ನೆನಪಾಯಿತು. "ಅದಿರ್ಲಿ, ಮೆಟ್ಟಿಲು ಯಾಕೆ ಕೇಳ್ದೆ? ನಾವೇನು ಹಗ್ಗ ಹಿಡ್ಕೊಂಡು ಮನೆಗೆ ಹತ್ತಬೇಕಾ?"

"ಯಾವ ಮೆಟ್ಟಿಲು?"

ಅವನು ಏಳನೇ ಪುಟ ತೋರಿಸಿದ. ಅಕ್ಕ ಕನ್ನಡಕ ಏರಿಸಿ ಓದಿದಳು, ಮತ್ತೊಮ್ಮೆ ಓದಿದಳು.

"ಅಯ್ಯೋ! ಕೋಣೆಗೆ ಹೋಗೋದು ಹೆಂಗೆ ಅಂತ ನಮ್ಮ ಲಾಯರ್ ಕೇಳಿದ್ರು. ಮೆಟ್ಟಿಲ ಪಕ್ಕದಲ್ಲಿ ಅಂದೆ. ಬರ್ಕೊಂಡ್ರು. ನಾನೂ ಓದದೇ ರುಜು ಹಾಕ್ದೆ."

ಸಿಟ್ಟಾಗಬೇಕೋ ನಗಬೇಕೋ ಅವನಿಗೆ ತಿಳಿಯಲಿಲ್ಲ. ಅಕ್ಕನಿಗಂತೂ ನಗು ಬಂದೇಬಿಟ್ಟಿತು. ಮರುಗಳಿಗೆಯೇ ಗಂಭೀರಳಾಗಿ, "ಕೋಣೆ ಮಾತ್ರ ಬಿಡಲ್ಲ ಕಣೋ" ಎಂದಳು.

"ನಾನೂ ಬಿಡಲ್ಲ."

ಮುಂದಿನ ವಾರ ಅವನು ದುಡ್ಡು ಕಟ್ಟಿದ. ಅದರಲ್ಲೇ ಅಕ್ಕ ಮೆಟ್ಟಿಲು ಬಿಟ್ಟು ಕೋಣೆಯನ್ನಷ್ಟೇ ಅಳೆಯಲು ಅಳತೆಯವರನ್ನು ಮತ್ತೆ ಕಳಿಸಿದಳು. ಅಳತೆಯ ಮುದುಕರು ಒಬ್ಬರೇ ಬಂದಿದ್ದರಿಂದ ಟೇಪಿನ ಇನ್ನೊಂದು ತುದಿಯನ್ನು ಅವನೇ ಹಿಡಿಯಬೇಕಾಯಿತು.

"ಏನ್ರೀ ಇದು?" ಹೆಂಡತಿ ಮೇಲಿನಿಂದ ಬಗ್ಗಿ ಕೇಳಿದಳು. "ನಮ್ಮ ಮೇಲಿನ ಕೇಸಿಗೆ ದುಡ್ಡೂ ನಮ್ದೇ, ಕೂಲಿನೂ ನಮ್ದೇನಾ?"

"ಗೊತ್ತಿಲ್ಲ ಕಣೇ" ಎಂದ. "ಸ್ವಲ್ಪ ಎಳೆದು ಹಿಡೀರಿ" ಎಂದರು ಅಳತೆಯವರು. ಅವನು ಎಳೆದು ಹಿಡಿದ.