ನಿಶ್ಶಬ್ದ ಕೋಣೆಯ ಗಾಜು

ನಾನೊಂದು ಗಾಜು. ಕನ್ನಡಿಯಲ್ಲ; ಬೆನ್ನಿಗೆ ಪಾದರಸ ಬಳಿಸಿಕೊಂಡು, ನೋಡಿದವರ ಮುಖವನ್ನೇ ಅವರಿಗೆ ಹಿಂದಿರುಗಿಸುವ ಉದ್ಯೋಗ ನನ್ನದಲ್ಲ. ಮರಳು, ಸೋಡಾ, ಸುಣ್ಣದ ಕಲ್ಲು ಮೂರೂ ಒಂದೇ ಕುಲುಮೆಯಲ್ಲಿ ಕರಗಿ, ತಮ್ಮ ಹಿಂದಿನ ಗುಣವನ್ನೆಲ್ಲ ಮರೆತು, ದಪ್ಪನೆಯ ಹಾಳೆಯಾಗಿ ಆರಿದಾಗ ನನ್ನ ಜನ್ಮವಾಯಿತು. ಲಾರಿಯಲ್ಲಿ ಒಣಹುಲ್ಲಿನ ನಡುವೆ ನಿಂತು ಹುಬ್ಬಳ್ಳಿಗೆ ಬಂದೆ. ಅಲ್ಲಿಯ ಅಂಗಡಿಯವನು ವಜ್ರದ ಮೊನೆಯಿಂದ ಗೆರೆ ಎಳೆದು, ಮೇಜಿನ ಅಂಚಿಗೆ ತಟ್ಟಿ, ನನ್ನನ್ನು ಎರಡಾಗಿ ಮುರಿದನು. ಹೀಗೆ ನನಗೊಬ್ಬ ಅವಳಿ ತಮ್ಮನಾದನು.

ನಮ್ಮಿಬ್ಬರನ್ನೂ ಕೊಂಡವರು ಗುಡ್ಡದ ಮೇಲಿನ ವಿಶ್ವವಿದ್ಯಾಲಯದವರು. ಅಲ್ಲಿ ಪಾಠ ಹೇಳಿದರಷ್ಟೇ ಸಾಲದು. ಗುರುವೂ ಶಿಷ್ಯನೂ ಯಾವುದನ್ನಾದರೂ ಹುಡುಕುತ್ತಲೇ, ಅಳೆಯುತ್ತಲೇ ಇರಬೇಕೆಂಬುದು ಅಲ್ಲಿಯ ಶಿಸ್ತು. ಶ್ರವಣ ವಿಜ್ಞಾನ ವಿಭಾಗದಲ್ಲಿ ಕಿವಿಯ ಪರೀಕ್ಷೆಗಾಗಿ ಕೋಣೆಯೊಳಗೊಂದು ಕೋಣೆ ಕಟ್ಟುತ್ತಿದ್ದರು. ಗೋಡೆಗೆ ಹತ್ತಿಯಂಥ ಮೆತ್ತೆ, ಬಾಗಿಲಿಗೆ ರಬ್ಬರಿನ ಅಂಚು. ಹೊರಗಿನ ಸದ್ದು ಒಳಗೆ ಹೊಗದಂಥ ಏರ್ಪಾಡು. ಪರೀಕ್ಷಿಸುವವರು ಹೊರಗೆ, ಪರೀಕ್ಷೆಗೆ ಬಂದವರು ಒಳಗೆ, ನಡುವಿನ ಕಿಟಕಿಯಲ್ಲಿ ನಾವಿಬ್ಬರು. ತಮ್ಮನನ್ನು ನೆಟ್ಟಗೆ ನಿಲ್ಲಿಸಿ, ನನ್ನನ್ನು ತುಸು ಓರೆಯಾಗಿ ಕೂಡಿಸಬೇಕೆಂದು ವಿಭಾಗದ ಮುಖ್ಯಸ್ಥರಾದ ತೊರಗಲ್ಲಮಠ ಸರ್ ಅಪ್ಪಣೆ ಕೊಟ್ಟಾಗ ಬಡಿಗ ಈರಪ್ಪನಿಗೆ ಸಂಕಟವಾಯಿತು.

“ಸರ, ಸೊಟ್ಟ ಕೂಡಿಸಿದ್ರ ನಾಳೆ ನೋಡಿದವರು ನನಗ ಬೈತಾರ್ರಿ.”

“ಎರಡೂ ಗಾಜು ಸಮಾ ನಿಂತ್ರ ನಡುವ ದನಿ ಗುಂಯ್ ಅಂತೈತೋ ಮಾರಾಯಾ. ಯಾರರೆ ಬೈದ್ರ ನನ್ನ ಹೆಸರು ಹೇಳು.”

ಈರಪ್ಪನು ಮನಸ್ಸಿಲ್ಲದ ಮನಸ್ಸಿನಿಂದ ನನ್ನನ್ನು ಓರೆಗೊಳಿಸಿದನು. ಅಂದಿನಿಂದ ಎರಡೂ ಕಡೆಯವರನ್ನು ನೋಡುವುದೇ ನನ್ನ ಬದುಕಾಯಿತು. ಯಾರ ಪಕ್ಷವನ್ನೂ ನಾನು ವಹಿಸಲಿಲ್ಲ. ಕಿವುಡರೆಂದು ಹೇಳಿಸಿಕೊಂಡು ಪರಿಹಾರ ಪಡೆಯಲು ಬಂದ ಗಿರಣಿಯ ಕಾರ್ಮಿಕರನ್ನು ನೋಡಿದೆ. ಕಿವುಡನಲ್ಲವೆಂದು ಹೇಳಿಸಿಕೊಂಡು ಮದುವೆಯಾಗಲು ಬಂದ ವರನನ್ನೂ ನೋಡಿದೆ.

ಮಧುಮತಿ ಆ ವಿಭಾಗಕ್ಕೆ ಬಂದದ್ದು ಸ್ನಾತಕೋತ್ತರ ಪದವಿಗೆ. ಬಾಗಲಕೋಟೆಯ ಕಡೆಯ ಶಾಲಾ ಮಾಸ್ತರರ ಮಗಳು. ಎತ್ತರದ ನಿಲುವು, ಚುರುಕು ಬುದ್ಧಿ, ಯಾವ ಮಗುವನ್ನಾದರೂ ಅರೆಗಳಿಗೆಯಲ್ಲಿ ನಗಿಸಬಲ್ಲ ಕಣ್ಣು. ಅವಳ ಪ್ರಬಂಧದ ವಿಷಯ ಆಟದ ಮೂಲಕ ಚಿಕ್ಕ ಮಕ್ಕಳ ಶ್ರವಣ ಪರೀಕ್ಷೆ. ಮಗುವಿನ ಕಿವಿಗೆ ಹೆಡ್‌ಫೋನ್ ತೊಡಿಸಿ, ಕೈಗೊಂದು ಮಣಿ ಕೊಟ್ಟು, ಮುಂದೊಂದು ಬಟ್ಟಲಿಡುವುದು. ಹೊರಗಿನ ಯಂತ್ರದ ಗುಂಡಿ ಒತ್ತಿದಾಗ ಸದ್ದು ಕೇಳಿಸಿದರೆ ಮಗು ಮಣಿಯನ್ನು ಬಟ್ಟಲಿಗೆ ಹಾಕಬೇಕು. ಎಷ್ಟು ಸಣ್ಣ ಸದ್ದಿಗೆ ಮಣಿ ಬೀಳುತ್ತದೆಯೋ ಅಷ್ಟು ಚೆನ್ನಾಗಿ ಕಿವಿ ಕೇಳುತ್ತದೆಯೆಂದು ಅರ್ಥ. ಮಗುವನ್ನು ಕಿಟಕಿಯತ್ತ ಮುಖಮಾಡದಂತೆ, ಪಕ್ಕಕ್ಕೆ ತಿರುಗಿಸಿ ಕೂಡಿಸಬೇಕೆಂಬುದು ನಿಯಮ. ಆದರೆ ಹಾಗೆ ಕೂಡಿಸಿದರೆ ಮಕ್ಕಳು ಅಳುತ್ತಿದ್ದವು. ಮಧುಮತಿ ಕುರ್ಚಿಯನ್ನು ತನ್ನ ಕಡೆಗೆ ತಿರುಗಿಸಿದಳು. ಅಳು ನಿಂತಿತು; ಮಣಿಗಳು ತಪ್ಪದೆ ಬೀಳತೊಡಗಿದವು.

ಶ್ರಾವಣದಲ್ಲಿ ಬೆಟಗೇರಿಯ ನೀಲವ್ವ ತನ್ನ ಮಗಳು ದಾನಮ್ಮನನ್ನು ಕರೆತಂದಳು. ಹುಡುಗಿಗೆ ನಾಲ್ಕು ತುಂಬುತ್ತಿತ್ತು, ಮಾತು ಬಂದಿರಲಿಲ್ಲ. ಗಾಜಿನಾಚೆ ಮಧುಮತಿಯ ಮುಖ ಕಂಡೊಡನೆ ದಾನಮ್ಮ ಅರಳಿದಳು. ಸಣ್ಣ ಸದ್ದಿಗೂ ಅವಳ ಮಣಿ ಬಿತ್ತು. ಕೇಳುವ ಶಕ್ತಿ ಸ್ವಲ್ಪವೇ ಕಡಿಮೆಯೆಂದು ತೀರ್ಮಾನವಾಗಿ, ಕಡಿಮೆ ಬಲದ ಶ್ರವಣ ಸಾಧನವೊಂದನ್ನು ಕೊಟ್ಟರು. ಮಿದುಳಿನಿಂದಲೇ ಉತ್ತರ ಪಡೆಯುವ ಯಂತ್ರ ಆಗಿನ್ನೂ ಆ ವಿಭಾಗಕ್ಕೆ ಬಂದಿರಲಿಲ್ಲ.

ತಿಂಗಳಿಗೊಮ್ಮೆ ಬರುವ ನೀಲವ್ವನದು ಒಂದೇ ದೂರು.

“ಬಾಯಾರ, ಮನಿಯಾಗ ಬೆನ್ನಹಿಂದ ನಿಂತು ತಾಟು ಬಡದ್ರೂ ಹೊಳ್ಳಿ ನೋಡಂಗಿಲ್ರಿ.”

“ಇಲ್ಲೆ ಚಲೋ ಕೇಳಸ್ತೈತಲ್ಲವಾ. ನೀವು ಮಾತಾಡಸೂದು ಹೆಚ್ಚ ಮಾಡ್ರಿ. ದಿನಾ, ಬ್ಯಾಸರ ಇಲ್ಲದ.”

ನೀಲವ್ವ ತಲೆಯಾಡಿಸಿ ಹೋಗುತ್ತಿದ್ದಳು. ಬರಬರುತ್ತ ಅವಳ ದೂರು ಕಡಿಮೆಯಾಯಿತು, ಮುಖ ಕಪ್ಪಿಟ್ಟಿತು.

ಶಿವರಾತ್ರಿ ಸಮೀಪಿಸಿತ್ತು. ಪ್ರಬಂಧವನ್ನು ಒಪ್ಪಿಸುವ ದಿನವೂ ಹತ್ತಿರವಾಗಿತ್ತು. ಅದೇ ವಿಭಾಗದಲ್ಲಿ ಖಾಲಿಯಿದ್ದ ಉಪನ್ಯಾಸಕ ಹುದ್ದೆ, ಪದವಿ ಬಂದರೆ ಮಧುಮತಿಗೇ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಕೊನೆಯ ಸುತ್ತಿನ ಪರೀಕ್ಷೆಗೆ ದಾನಮ್ಮ ಬಂದಳು, ಮಣಿ ಹಾಕಿದಳು, ನಕ್ಕಳು. ಎಂದಿನಂತೆ ಉತ್ತಮ ಫಲಿತಾಂಶ. ಹೆಡ್‌ಫೋನ್ ತೆಗೆಯಲು ಒಳಗೆ ಹೋದ ಮಧುಮತಿ ಹಾಗೆಯೇ ನಿಂತುಬಿಟ್ಟಳು. ಹುಡುಗಿಯ ಕಾಲಿಗೆ ತೊಡರಿ ಹೆಡ್‌ಫೋನಿನ ತಂತಿ ಗೋಡೆಯಿಂದ ಕಿತ್ತುಬಂದಿತ್ತು. ಅದರ ತುದಿ ಕುರ್ಚಿಯ ಪಕ್ಕದಲ್ಲಿ ಜೋತಾಡುತ್ತಿತ್ತು.

ಸದ್ದೇ ಇಲ್ಲದೆ ಬಟ್ಟಲು ತುಂಬಿತ್ತು.

ಅವಳನ್ನು ಬಿಟ್ಟರೆ ಅದನ್ನು ಕಂಡವನು ನಾನೊಬ್ಬನೇ. ತಂತಿಯನ್ನು ಮತ್ತೆ ಸಿಕ್ಕಿಸಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಸಿಕ್ಕಿಸಲಿಲ್ಲ. ಬಟ್ಟಲು ಬರಿದುಮಾಡಿ, ಹೊರಗೆ ಬಂದು ಕುಳಿತು, ಗುಂಡಿಯನ್ನು ಮುಟ್ಟದೆ, ಗದ್ದವನ್ನಷ್ಟೇ ತುಸು ಕೆಳಗೆ ಮಾಡಿದಳು. ಮಣಿ ಬಿತ್ತು. ಸುಮ್ಮನೆ ಕುಳಿತಳು, ಮಣಿ ಕೈಯಲ್ಲೇ ಉಳಿಯಿತು. ಮತ್ತೆ ಗದ್ದ ಇಳಿಸಿದಳು, ಮತ್ತೆ ಬಿತ್ತು. ಪ್ರತಿಸಲ ಗುಂಡಿ ಒತ್ತುವಾಗಲೂ ತಾನರಿಯದೆ ಅವಳು ಹಾಗೆ ಮಾಡುತ್ತಿದ್ದಳು. ನಾನು ದಿನವೂ ನೋಡುತ್ತಿದ್ದೆ. ನನಗದರ ಅರ್ಥ ತಿಳಿದಿರಲಿಲ್ಲ. ನಾಲ್ಕು ವರ್ಷದ ಹುಡುಗಿಗೆ ತಿಳಿದಿತ್ತು.

ತೊರಗಲ್ಲಮಠ ಸರ್ ಬಂದರು. ಎಲ್ಲವನ್ನೂ ಕೇಳಿ, ತಾವೂ ಒಮ್ಮೆ ಗದ್ದ ಇಳಿಸಿ ನೋಡಿದರು. ದಾನಮ್ಮ ಅವರಿಗೂ ಒಂದು ಮಣಿ ದಯಪಾಲಿಸಿದಳು.

“ಶಾಣ್ಯಾ ಹುಡುಗಿ ಅದಾಳ. ಉಳದ ಮಕ್ಕಳದು ಹೆಂಗ?”

“ಗೊತ್ತಿಲ್ರಿ ಸರ್. ಎಲ್ಲಾರನ್ನೂ ನಾನ ಹಂಗ ಕೂಡಿಸೇನಿ.”

“ಫಲಿತಾಂಶ ಅಷ್ಟು ಚೊಕ್ಕ ಬಂದಾಗ ನಾನೂ ಸಂಶೆ ಪಡಬೇಕಿತ್ತು. ಖುಷಿಪಟ್ಟೆ.”

“ಪ್ರಬಂಧ?”

“ಮುಂದಿನ ವರ್ಷ ಕೊಟ್ರೂ ತಗೋತಾರ. ಆದ್ರ ಈ ಕೂಸಿನ ನಾಕನೇ ವರ್ಷ ಮುಂದಿನ ವರ್ಷ ಸಿಗಂಗಿಲ್ಲ. ಮೊದಲು ಇಕೀನ್ನ ನೋಡು.”

ಉದ್ಯೋಗದ ಮಾತನ್ನು ಇಬ್ಬರೂ ಎತ್ತಲಿಲ್ಲ. ಆ ಹುದ್ದೆ ಆ ಬೇಸಿಗೆಯಲ್ಲಿ ಬೇರೆಯವರ ಪಾಲಾಯಿತು.

ಮರುದಿನ ಇಣುಕಲು ಸಣ್ಣದೊಂದು ತೂತು ಮಾತ್ರ ಬಿಟ್ಟು, ನನ್ನ ಹೊರಮೈತುಂಬ ಕಂದು ಕಾಗದ ಅಂಟಿಸಿದರು. ಹೊರಗಿನ ಲೋಕ ನನಗೆ ಮರೆಯಾಯಿತು, ಒಳಗಿನದಷ್ಟೇ ಉಳಿಯಿತು. ದಾನಮ್ಮ ಮಣಿ ಹಿಡಿದು ಕಾಗದವನ್ನೇ ನೋಡಿದಳು. ಎಷ್ಟು ಹೊತ್ತಾದರೂ ಬಟ್ಟಲು ಬರಿದಾಗಿಯೇ ಇತ್ತು. ಅವಳೆದ್ದು ಬಂದು, ಕಾಗದದ ಅಂಚು ಕಾಣುವಲ್ಲಿ ಗಾಜನ್ನೇ ಉಗುರಿನಿಂದ ಕೆರೆಯತೊಡಗಿದಳು. ನೀಲವ್ವ ಎತ್ತಿಕೊಂಡು ಹೋಗಿ ಮತ್ತೆ ಕೂಡಿಸಿದಳು. ಸದ್ದನ್ನು ಏರಿಸುತ್ತ ಏರಿಸುತ್ತ ಯಂತ್ರದ ಕೊನೆಯ ಮೆಟ್ಟಿಲು ಮುಟ್ಟಿದಾಗ, ಹುಡುಗಿ ಬೆಚ್ಚಿ, ಹೆಡ್‌ಫೋನನ್ನು ಮುಟ್ಟಿಕೊಂಡು, ಅನುಮಾನದಿಂದಲೇ ಒಂದು ಮಣಿ ಹಾಕಿದಳು.

ಮಧುಮತಿ ಒಳಗೆ ಬಂದು ನೀಲವ್ವನ ಮುಂದೆ ನೆಲದ ಮೇಲೆ ಕುಳಿತಳು. ಮಗು ಸದ್ದು ಕೇಳುತ್ತಿರಲಿಲ್ಲ, ತನ್ನ ಮುಖ ನೋಡುತ್ತಿತ್ತು. ಅದನ್ನು ತಾನು ಅರಿಯದೆ ಹೋದೆ ಎಂದು ಬಿಡಿಸಿ ಹೇಳಿದಳು. ನೀಲವ್ವ ಅಳುವಳೆಂದು ನಾನೆಣಿಸಿದ್ದೆ. ಅವಳು ಅಳಲಿಲ್ಲ.

“ಅಂದ್ರ ನಾ ಹೇಳಿದ್ದು ಖರೇ ಇತ್ತಲ್ರಿ.”

“ಖರೇ ಇತ್ತು.”

“ನಮ್ಮತ್ತಿ ಹೊರಗ ಕುಂತಾರ. ಕೂಸಿಗೆ ಕಿವಿ ಐತಿ, ಸೊಸೀಗೇ ಬಾಯಿಲ್ಲ, ಅದಕ್ಕ ಮಾತು ಬಂದಿಲ್ಲ ಅಂತ ಓಣಿ ತುಂಬ ಹೇಳ್ಯಾರ. ನಿಮ್ಮ ಬಾಯಿಲೇ ಅವರಿಗೊಂದ ಮಾತು ಹೇಳ್ರಿ. ನಾ ಹೇಳಿದ್ರ ನಂಬಂಗಿಲ್ಲ.”

ಮಧುಮತಿ ನೀಲವ್ವನ ಅತ್ತೆ ಬಾಳವ್ವನನ್ನು ಒಳಗೆ ಕರೆದು, ಅದೇ ಮಾತನ್ನು ಮೊದಲಿನಿಂದ ಹೇಳಿದಳು. ಮುದುಕಿ ಸೆರಗಿನ ತುದಿ ಹಿಡಿದುಕೊಂಡು ಕೇಳಿದಳು.

“ಇಷ್ಟ ಓದಿದವರು ತಪ್ಪತಾರೇನವಾ?”

“ತಪ್ಪತೀವ್ರಿ ಅಜ್ಜಿ. ನಾನು ತಪ್ಪೇನಿ. ನಿಮ್ಮ ಸೊಸಿ ತಪ್ಪಿಲ್ಲ.”

ಬಾಳವ್ವ ಸೊಸೆಯ ಕಡೆ ನೋಡಲಿಲ್ಲ. ಮೊಮ್ಮಗಳ ಕೂದಲನ್ನು ನೇವರಿಸುತ್ತ ಅಂದಳು: “ಹಂಗಾರ ಜೋರಿನ ಮಿಷನ್ ಕೊಡ್ರಿ. ನಮ್ಮಾಕಿ ಬಾಯಿಗೇನ ಕಡಿಮಿ ಇಲ್ಲ. ನನಗ ದಿನಾ ಎದುರು ಮಾತಾಡತಾಳ.”

ನೀಲವ್ವ ಆಗ ಅತ್ತಳು.

ದಾನಮ್ಮನಿಗೆ ಬಲವಾದ ಸಾಧನ ಬಂತು. ಉಳಿದ ಮಕ್ಕಳನ್ನೂ ಒಬ್ಬೊಬ್ಬರಾಗಿ ಕರೆಸಿ ಮತ್ತೆ ಪರೀಕ್ಷಿಸಿದರು; ಕೆಲವರ ಅಳತೆ ಮೊದಲಿನಂತೆಯೇ ನಿಂತಿತು, ಕೆಲವರದು ಕುಸಿಯಿತು. ಪರೀಕ್ಷಕರ ಮುಖ ಹೇಗೆ ಮಗುವಿಗೆ ಉತ್ತರ ಹೇಳಿಕೊಡುತ್ತದೆ ಎಂಬುದೇ ಮಧುಮತಿಯ ಹೊಸ ಪ್ರಬಂಧದ ವಿಷಯವಾಯಿತು. ತನ್ನ ತಪ್ಪನ್ನು ಮೊದಲ ಅಧ್ಯಾಯದಲ್ಲೇ ಬರೆದಳು. ಕೆಲವು ವರ್ಷಗಳ ಅನಂತರ ಅದೇ ವಿಭಾಗದಲ್ಲಿ ಅಧ್ಯಾಪಕಿಯಾದಳು.

ಈಗ ಹೊಸ ಕಟ್ಟಡದಲ್ಲಿ ಹೊಸ ಕೋಣೆಗಳಿವೆ. ಹಳೆಯದನ್ನು ಕೆಡವುವಾಗ ತಮ್ಮನು ಕೆಲಸದವರ ಕೈಜಾರಿ ಪುಡಿಯಾದನು. ನನ್ನನ್ನು ಹೊಸ ಕಟ್ಟಡದ ಓಣಿಯಂಥ ನಡುದಾರಿಯ ಗೋಡೆಗೆ, ಸೂಚನಾ ಫಲಕದ ಮುಚ್ಚಳವಾಗಿ ಏರಿಸಿದರು. ಒಂದೇ ಕಡೆ ನೋಡುವ ವೃದ್ಧಾಪ್ಯ. ಹಿಂದೆ ಪರೀಕ್ಷೆಯ ವೇಳಾಪಟ್ಟಿ, ಮುಂದೆ ಕೂದಲು ತಿದ್ದಿಕೊಳ್ಳುವ ವಿದ್ಯಾರ್ಥಿಗಳು.

ಮೊನ್ನೆ ಹೊಸ ತಂಡಕ್ಕೆ ಮಧುಮತಿ ಮೇಡಂ ಇಲ್ಲಿಯೇ ನಿಂತು ಆ ಪ್ರಸಂಗವನ್ನು ಹೇಳಿದರು. ದಾನಮ್ಮ ಈಗ ಗದಗಿನಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತಾಳಂತೆ. ಮಾತು ಬಂದಿದೆ, ಹೊಸಬರು ಮಾತ್ರ ಎರಡು ಸಲ ಕೇಳಬೇಕಾಗುತ್ತದಂತೆ. ಒಬ್ಬ ಹುಡುಗಿ ಕೇಳಿದಳು:

“ಮೇಡಂ, ಆ ಶ್ರಾವಣದಾಗ ಸರಿಯಾಗಿ ಕಂಡುಹಿಡಿದಿದ್ರ, ಮಾತು ಇನ್ನೂ ಎಷ್ಟು ಚಲೋ ಬರತಿತ್ತು?”

ಮಧುಮತಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖದಲ್ಲಿ ಆಗ ಓದಬಹುದಾದದ್ದು ಏನೂ ಇರಲಿಲ್ಲ.

“ಅದನ್ನ ಅಳೆಯೋ ಯಂತ್ರ ಇನ್ನೂ ಬಂದಿಲ್ಲವಾ,” ಎಂದರು. “ನಡೀರಿ, ಒಳಗ ಒಂದು ಕೂಸು ಕಾಯಾಕತ್ತೈತಿ.”