ಮಾಂಜಿ ಶಕೆ

ಬೆಂಕಿ ಬಿದ್ದಾಗ ಚಂದ್ರಿಕಾ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿದ್ದಳು. ಕೆಂಟನ್ನಿನ ಫ್ಲಾಟಿನಲ್ಲಿ ಅವಳ ಗಂಡ, ಡಾಕ್ಟರ್ ಲಕ್ಷ್ಮೀಶ, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ. ಕೆಳಗಿನ ಮನೆಯ ಹೀಟರಿನಿಂದ ಹೊತ್ತಿಕೊಂಡಿತಂತೆ. ಹೊಗೆಗೇ ಉಸಿರು ನಿಂತಿತ್ತು, ಮೈ ಸುಟ್ಟಿರಲಿಲ್ಲ ಎಂದು ಇಂಗ್ಲಿಷ್ ಪೊಲೀಸ್ ಹೆಂಗಸು ಎರಡು ಸಲ ಹೇಳಿದಳು. ಎರಡು ಸಲವೂ ಚಂದ್ರಿಕಾ ಥ್ಯಾಂಕ್ಯೂ ಅಂದಳು.

ಅದು 1999ರ ಫೆಬ್ರುವರಿ. ಸಂಸ್ಕಾರ ಮುಗಿದ ಮೇಲೆ ಮೈದುನ ಕೃಷ್ಣಪ್ರಸಾದ ಅವಳನ್ನು ಕ್ರೋಯ್ಡನ್ನಿನ ತನ್ನ ಮನೆಗೆ ಕರೆತಂದ. ಅವಳು ಉಣ್ಣು ಅಂದಾಗ ಉಂಡಳು, ಮಲಗು ಅಂದಾಗ ಮಲಗಿದಳು. ಅಳಲಿಲ್ಲ. ಧಾರವಾಡದಿಂದ ಅವ್ವ ಫೋನಿನಲ್ಲಿ ಅತ್ತರೆ ರಿಸೀವರನ್ನು ಕಿವಿಯಿಂದ ತುಸು ದೂರ ಹಿಡಿಯುತ್ತಿದ್ದಳು.

ವಸಂತದಲ್ಲಿ ಮತ್ತೆ ಓದಲು ಹೊರಟಳು. ಅವಳ ಪಿಎಚ್‌ಡಿಯ ವಿಷಯ ಜಪಾನಿನ ಮಾಂಜಿ ಶಕೆ. ಹದಿನೇಳನೆಯ ಶತಮಾನದಲ್ಲಿ ಮೂರು ವರ್ಷವೂ ತುಂಬದೆ ಮುಗಿದ ಕಾಲ.

"ಅಷ್ಟು ಸಣ್ಣ ಕಾಲದಾಗ ಓದೂದು ಏನದರಿ ವೈನಿ?" ಸ್ಟೇಷನ್ನಿಗೆ ಬಿಡಲು ಹೊರಟ ಕೃಷ್ಣಪ್ರಸಾದ ಕಾರಿನಲ್ಲಿ ಕೇಳಿದ. ಹೇಗಾದರೂ ಅವಳನ್ನು ಮಾತಾಡಿಸಬೇಕಿತ್ತು.

"ಬೆಂಕಿ. ಎಡೋ ಪಟ್ಟಣ ಸುಟ್ಟು ಬೂದಿ ಆತು. ಲಕ್ಷ ಮಂದಿ ಸತ್ರು ಅಂತಾರ. ಕಾಲನ ಕೆಟ್ಟದ ಅಂತ ಶಕೆಯ ಹೆಸರು ಬದಲಿಸಿ ಮಾಂಜಿ ಅಂತ ಇಟ್ರು."

"ಆಮ್ಯಾಲೆ ಛಲೋ ಆತೇನು?"

"ಚಕ್ರವರ್ತಿ ಅರಮನಿಗೇ ಬೆಂಕಿ ಬಿತ್ತು. ಮತ್ತ ಹೆಸರು ಬದಲಿಸಿದ್ರು."

ಜಾಗ ಬದಲಾದರೆ ಮನಸ್ಸು ಹಗುರಾಗುತ್ತದೆ, ಇಲ್ಲೇ ಹತ್ತಿರ ಒಂದು ಫ್ಲಾಟ್ ನೋಡಿದ್ದೇನೆ ಎನ್ನಬೇಕೆಂದಿದ್ದ ಅವನು ಅದನ್ನು ಬಿಟ್ಟು ಟ್ರೇನಿನ ಹೊತ್ತು ಕೇಳಿದ. ಕೆಲವು ತಿಂಗಳ ನಂತರ ಹತ್ತಿರ ಎಲ್ಲಾದರೂ ಮನೆ ಸಿಕ್ಕೀತೇ ಎಂದು ಅವಳೇ ಕೇಳಿ, ಆ ಫ್ಲಾಟನ್ನೇ ಬಾಡಿಗೆಗೆ ಹಿಡಿದಳು.

2001ರಲ್ಲಿ ಮೌಖಿಕ ಪರೀಕ್ಷೆ ನಡೆಯಿತು. ಹೆಸರು ಬದಲಿಸಿ ಜನರಿಗೇನು ದಕ್ಕಿತು ಎಂದು ಹಿರಿಯ ಪರೀಕ್ಷಕಿ ಕೇಳಿದರು. ಆಸ್ಥಾನದ ಅಧಿಕಾರ, ಪಂಚಾಂಗ ಎಂದೆಲ್ಲ ಚಂದ್ರಿಕಾ ಉತ್ತರ ಸಿದ್ಧಮಾಡಿಕೊಂಡಿದ್ದಳು. ಆದರೆ ಹೇಳಿದ್ದು ಬೇರೆ: "ತಮ್ಮವರು ಸತ್ತ ಶಕೆಯ ಹೆಸರನ್ನು ಉಳಿದವರು ದಿನಾ ತಾರೀಖಿನ ಜೊತೆ ಬರೆಯುವುದು ತಪ್ಪಿತು. ಅಷ್ಟೇ."

ಪರೀಕ್ಷಕಿ ನೀರಿನ ಲೋಟ ಅವಳತ್ತ ಸರಿಸಿದರು. ಅವಳು ಕುಡಿದಳು. ತೇರ್ಗಡೆಯಾಯಿತು.

ಹೊರಗೆ ಕಾಯುತ್ತಿದ್ದ ಕೃಷ್ಣಪ್ರಸಾದ, "ಅಣ್ಣ ಇದ್ದಿದ್ರ..." ಎನ್ನುತ್ತಲೇ ಗೋಡೆಗೆ ಮುಖ ತಿರುಗಿಸಿ ಬಿಕ್ಕತೊಡಗಿದ. ಚಂದ್ರಿಕಾ ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನ ಒಂದೊಂದು ಬಿಕ್ಕೂ ಅಂಗೈಗೆ ತಿಳಿಯಿತು. ತನ್ನೊಳಗೆ ಏನಾಗುತ್ತಿದೆ ಎಂಬುದು ತಿಳಿಯಲಿಲ್ಲ.

"ಬಾರಪಾ, ಟ್ರೇನ್ ತಪ್ಪತದ," ಅಂದಳು.