ಕಹಿ ಎಂದವಳಿಗೇ ಕುಡಿಸಿದ ಜ್ಯೂಸ್

ಮಕ್ಕಳು ತರಕಾರಿ ಮುಟ್ಟುವುದಿಲ್ಲ ಎನ್ನುವುದು ಎಲ್ಲರ ಮನೆಯ ಗೋಳು. ನಮ್ಮ ಕೆಳಗಿನ ಮನೆಯ ಬೀಗ ರಿಪೇರಿ ಅಣ್ಣನಿಗೂ ಅದೇ ಗೋಳು. ಒಬ್ಬಳೇ ಮಗಳು, ಒಂಬತ್ತು ವರ್ಷ. ತಟ್ಟೆಯಲ್ಲಿ ಹಸಿರು ಕಂಡರೆ ಸಾಕು, ಬೆರಳಿನಿಂದ ಅಂಚಿಗೆ ತಳ್ಳುತ್ತಿದ್ದಳು. ಅದಕ್ಕೇ ಅಣ್ಣ ಒಂದು ಸ್ಲೋ ಜ್ಯೂಸರ್ ತಂದರು. ಮಿಕ್ಸಿಯ ಹಾಗೆ ಕಿರುಚದೆ, ನಿಧಾನವಾಗಿ ತಿರುಗುತ್ತಾ ಹಣ್ಣು ತರಕಾರಿ ಹಿಂಡಿ, ಒಂದು ಕಡೆ ರಸ, ಇನ್ನೊಂದು ಕಡೆ ಹಿಪ್ಪೆ ಬಿಡುವ ಯಂತ್ರ. ಯಂತ್ರ ಒಳ್ಳೆಯದೇ. ಕ್ಯಾರೆಟ್ ಜ್ಯೂಸ್ ಕೊಟ್ಟಾಗ ಹುಡುಗಿ ಇನ್ನೊಂದು ಲೋಟ ಕೇಳಿದ್ದಳು. ನನ್ನ ಸಿಟ್ಟು ಯಂತ್ರದ ಮೇಲಲ್ಲ.

ನಾನು ಆಸ್ಪತ್ರೆಯಲ್ಲಿ ನರ್ಸ್. ಎಷ್ಟೋ ಕಾಯಿಲೆ ನೋಡಿದ್ದೇನೆ. ಆದರೆ ಬಾಯಿಬಿಟ್ಟು ಹೇಳಿದ ಮಗುವಿನ ಮಾತು ಕಿವಿಗೆ ಹಾಕಿಕೊಳ್ಳದೆ ತಂದುಕೊಂಡ ಕಾಯಿಲೆ ನೋಡಿದರೆ ಮೈಯೆಲ್ಲ ಉರಿಯುತ್ತದೆ.

ಆ ಭಾನುವಾರ ಬೆಳಿಗ್ಗೆ ಅಣ್ಣ ಸೋರೆಕಾಯಿ ಜ್ಯೂಸ್ ಮಾಡಿದರು. ಅತ್ತಿಗೆ ಒಳಗೆ ಹೊಲಿಗೆಗೆ ಕೂತಿದ್ದರು. ಅಡುಗೆ ಮಾಡುವಾಗಾದರೆ ಯಾರಾದರೂ ಒಂದು ಹೋಳು ಬಾಯಿಗಿಟ್ಟು ನೋಡುತ್ತಾರೆ. ಜ್ಯೂಸಿಗೆ ಅದೂ ಇಲ್ಲ. ಕಾಯಿ ನೆಟ್ಟಗೆ ಯಂತ್ರದ ಬಾಯಿಗೆ, ಅಲ್ಲಿಂದ ಲೋಟಕ್ಕೆ.

ಹುಡುಗಿ ಒಂದು ಗುಟುಕು ಕುಡಿದು ಉಗುಳಿದಳು, ಕಹಿ ಎಂದಳು. ತರಕಾರಿ ಎಂದರೆ ಇವಳದು ಯಾವಾಗಲೂ ಇದೇ ನಾಟಕ ಎಂದು ಅಣ್ಣ ರೇಗಿದರು. ತಾವೂ ಒಂದು ಗುಟುಕು ಕುಡಿದರು. ಮುಖ ಕಿವುಚುವಷ್ಟು ಕಹಿ. ಆಗಲಾದರೂ ಚೆಲ್ಲಬೇಕಲ್ಲ? ಚೆಲ್ಲಲಿಲ್ಲ.

"ಕಹಿ ಇದ್ರೇನೇ ಔಷಧಿ. ಮೂಗು ಹಿಡ್ಕೊಂಡು ಕುಡಿ," ಎಂದರು.

ಎರಡು ಸೇಬು ಹಿಂಡಿ ಸೇರಿಸಿ, ಜೇನು ಸುರಿದು, ಕಹಿ ಮರೆಸಿ, ಮಗಳ ಕಿವಿ ಹಿಡಿದು ಅರ್ಧ ಲೋಟ ಕುಡಿಸಿದರು.

ಅರ್ಧ ಗಂಟೆಯೊಳಗೆ ಅತ್ತಿಗೆ ನಮ್ಮ ಬಾಗಿಲು ಬಡಿದರು. ಹೋಗಿ ನೋಡಿದರೆ ಮಗು ಹೊಟ್ಟೆ ಹಿಡಿದು ನೆಲದ ಮೇಲೆ ಹೊರಳುತ್ತಿತ್ತು. ಮೇಲಿಂದ ಮೇಲೆ ವಾಂತಿ, ಜೊತೆಗೆ ಭೇದಿ. ಕೈಕಾಲು ತಣ್ಣಗಾಗಿದ್ದವು. ಅಣ್ಣ ಮಾತ್ರ, ಮೈಯೊಳಗಿನ ಕಸ ಹೊರಗೆ ಹೋಗುತ್ತಿದೆ, ಸ್ವಲ್ಪ ಮಲಗಿದರೆ ಸರಿಯಾಗುತ್ತಾಳೆ ಎನ್ನುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ವಾದಕ್ಕೆ ನಿಲ್ಲದೆ ಮಗುವನ್ನು ಎತ್ತಿಕೊಂಡು ಸಿಕ್ಕ ಗಾಡಿ ಹತ್ತಿದೆ. ಉಳಿದ ಜ್ಯೂಸನ್ನು ಡಾಕ್ಟರಿಗೆ ತೋರಿಸಲು ಅತ್ತಿಗೆ ಬಾಟಲಿಗೆ ಹಾಕಿ ತಂದರು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಬಿ.ಪಿ. ಇಳಿದಿತ್ತು. ವಾಂತಿಯಲ್ಲಿ ರಕ್ತವೂ ಕಂಡಿತು. ಮಗು ಉಳಿಯುತ್ತದೋ ಇಲ್ಲವೋ ಎಂದು ಯಾರೂ ಹೇಳುವಂತಿರಲಿಲ್ಲ. ಅಣ್ಣ ಕಾರಿಡಾರಿನಲ್ಲಿ, ಅಂಗಡಿಯವನು ಕೆಟ್ಟ ಯಂತ್ರ ಕೊಟ್ಟಿದ್ದಾನೆ, ಅವನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಹಾರಾಡುತ್ತಿದ್ದರು.

"ಅಣ್ಣಾ, ಯಂತ್ರಕ್ಕೆ ನಾಲಿಗೆ ಇಲ್ಲ," ಎಂದೆ. "ನಿಮಗಿತ್ತು. ನಿಮ್ಮ ಮಗಳಿಗಿತ್ತು. ಅವಳು ಮೊದಲ್ನೇ ಗುಟುಕಿಗೇ ಹೇಳಿದ್ಲು."

"ಹಾಗಲಕಾಯಿ ಕಹಿ ಅಲ್ವಾ ಸಿಸ್ಟರ್? ಅದನ್ನ ತಿಂತೀವಲ್ಲ?"

"ಹಾಗಲಕಾಯಿ ಹುಟ್ಟೋದೇ ಕಹಿಯಾಗಿ. ಸೋರೆಕಾಯಿ ಕಹಿ ಇದೆ ಅಂದ್ರೆ ಅದರೊಳಗೆ ವಿಷ ಇದೆ ಅಂತ ಅರ್ಥ."

ಸೋರೆ, ಸೌತೆ, ಹೀರೆ ಇವುಗಳಲ್ಲಿ ಯಾವುದಾದರೂ ಒಂದು ಕಾಯಿ ಹೀಗೆ ವಿಷವಾಗಿರಬಹುದು, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ, ಜೇನು ಹಾಕಿದರೂ ಬೇಯಿಸಿದರೂ ವಿಷ ಹೋಗುವುದಿಲ್ಲ, ಇಡೀ ಕಾಯಿ ಹಿಂಡಿದರೆ ಎಲ್ಲವೂ ಒಂದೇ ಲೋಟಕ್ಕೆ ಇಳಿಯುತ್ತದೆ ಎಂದು ಬಿಡಿಸಿ ಹೇಳಿದೆ. ಅವರು ಬೆಂಚಿನ ಮೇಲೆ ಕೂತುಬಿಟ್ಟರು. ಆಮೇಲೆ ಅಂಗಡಿಯವನ ಮಾತೆತ್ತಲಿಲ್ಲ.

ಮೂರನೆಯ ದಿನ ಹುಡುಗಿ ಚೇತರಿಸಿಕೊಂಡಳು. ಬಾಯಾರಿಕೆ ಎಂದಳು. ಅಣ್ಣ ಓಡಿಹೋಗಿ ನೀರು ತಂದು ಹಿಡಿದರು. ಅವಳು ಮುಖ ಆಚೆ ತಿರುಗಿಸಿದಳು.

"ಅಮ್ಮ ಕೊಡ್ಲಿ," ಎಂದಳು.

ಈಗ ಆ ಮನೆಯಲ್ಲಿ ಜ್ಯೂಸರ್ ಇನ್ನೂ ಇದೆ, ದಿನವೂ ತಿರುಗುತ್ತದೆ. ಅಣ್ಣ ಸೋರೆ, ಸೌತೆ, ಯಾವುದೇ ಆಗಲಿ, ಎರಡೂ ತುದಿಯಿಂದ ಚಿಕ್ಕ ಚೂರು ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ಉಗುಳುತ್ತಾರೆ. ಕಹಿಯಿದ್ದರೆ ಇಡೀ ಕಾಯಿ ಕಸದ ಬುಟ್ಟಿಗೆ. ಮಗಳ ಎದುರಿಗೇ ಮೊದಲು ತಾವು ಕುಡಿಯುತ್ತಾರೆ. ಆದರೂ ಅವಳು ಇಂದಿಗೂ ಅಪ್ಪನ ಕೈಯಿಂದ ಒಂದು ಗುಟುಕು ಕುಡಿದಿಲ್ಲ.

ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಮನೆಯಲ್ಲಿ ಧಾರಾಳವಾಗಿ ಜ್ಯೂಸ್ ಮಾಡಿ. ಯಂತ್ರಕ್ಕೆ ಹಾಕುವ ಮೊದಲು ಪ್ರತಿ ಕಾಯಿಯ ಚೂರನ್ನೂ ದೊಡ್ಡವರು ರುಚಿ ನೋಡಿ. ಕುಡಿದ ಮೇಲೆ ಹೊಟ್ಟೆನೋವು, ವಾಂತಿ ಶುರುವಾದರೆ ಮನೆಯಲ್ಲಿ ಕಾಯುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಏನು ಕುಡಿದಿದ್ದು ಎಂದು ಮುಚ್ಚಿಡದೆ ಹೇಳಿ. ಮತ್ತೆ, ಮಗು ಕಹಿ ಎಂದರೆ ಮೊದಲು ಲೋಟದಲ್ಲಿರುವುದನ್ನು ಚೆಲ್ಲಿ. ಬೈಯುವುದೇ ಇದ್ದರೆ ಆಮೇಲೆ ಬೈಯಿರಿ, ಬೈಸಿಕೊಳ್ಳಲು ಮಗು ಇರುತ್ತದೆ.